ನೆಲ ಹೋದ ಮೇಲೆ ಆಟಗಾರರನ್ನು ಹುಡುಕಿ ಫಲವಿಲ್ಲ

1976ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಓಪನ್ ಟೆನಿಸ್ ಟೂರ್ನಿ ನಡೆಯಿತು. ಅಂದಿನ ವಿಶ್ವ ಗ್ರ್ಯಾನ್ ಪ್ರಿ ಸರಣಿಗೆ ಸೇರಿದ, ಪುರುಷ ವೃತ್ತಿಪರ ಆಟಗಾರರ ಟೂರ್ನಿ ಅದು. ಆಡಿದ್ದು ಬಯಲಿನ ಮಣ್ಣಿನ ಅಂಕಣದಲ್ಲಿ. ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಕಿಮ್ ವಾರ್ವಿಕ್ ನಮ್ಮ ಶಶಿ ಮೆನನ್ ಅವರನ್ನು 6-1, 6-2ರಿಂದ ಸೋಲಿಸಿದರು. ಇದೇ ವಾರ್ವಿಕ್ 1980ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್‌ವರೆಗೆ ಹೋದರು. ಅಂಥ ಆಟಗಾರರು ಕರ್ನಾಟಕದ ಮಣ್ಣಿನ ಮೇಲೆ ಪ್ರಶಸ್ತಿಗಾಗಿ ಸೆಣಸಿದ್ದಕ್ಕೆ 2026ರ ನವೆಂಬರ್‌ಗೆ 50 ವರ್ಷ.

ಇವತ್ತಿನ ಚಿತ್ರ ಬೇರೆ. ಕಬ್ಬನ್ ಪಾರ್ಕಿನ ಕ್ರೀಡಾಂಗಣದಲ್ಲಿ ನಡೆಯುವ ಬೆಂಗಳೂರು ಓಪನ್ ಚಾಲೆಂಜರ್ ಟೂರ್ನಿ ಗಟ್ಟಿ ಅಂಕಣದ್ದು. ಚೆನ್ನೈ, ಪುಣೆ, ದೆಹಲಿಯ ಚಾಲೆಂಜರ್‌ಗಳೂ ಗಟ್ಟಿ ಅಂಕಣದವೇ. 2023ರಲ್ಲಿ ಮೈಸೂರು, ಧಾರವಾಡ, ಕಲಬುರಗಿಗೆ ಅಂತರರಾಷ್ಟ್ರೀಯ ಪುರುಷರ ಟೂರ್ನಿಗಳು ಬಂದಾಗ ರಾಜ್ಯವೇ ಸಂತೋಷಪಟ್ಟಿತು. ಜಿಲ್ಲಾ ಕೇಂದ್ರಗಳಿಗೆ ಆ ಮಟ್ಟದ ಆಟ ಬರುವುದು ಸಣ್ಣ ಸಂಗತಿಯಲ್ಲ. ಅಲ್ಲೆಲ್ಲ ಚೆಂಡು ಪುಟಿದದ್ದು ಮಾತ್ರ ಕಾಂಕ್ರೀಟ್ ಅಥವಾ ಡಾಂಬರಿನ ಮೇಲೆ ಬಳಿದ ಬಣ್ಣದ ಪದರದ ಮೇಲೆ.

ಪಾವಗಡ ತಾಲ್ಲೂಕಿನ ಗಡಿ ಊರು ವೈ.ಎನ್.ಹೊಸಕೋಟೆಯಲ್ಲಿ ಕುಳಿತವರಿಗೆ ಈ ವಿಷಯ ಯಾಕೆ ಎಂದು ಓದುಗರು ಕೇಳಬಹುದು. ಇಲ್ಲಿನ ಮಕ್ಕಳ ಆಟ ಕಬಡ್ಡಿ, ಕೊಕ್ಕೊ, ವಾಲಿಬಾಲ್. ಟೆನಿಸ್ ರಾಕೆಟ್ ಹಿಡಿಯದೆಯೇ ಶಾಲೆ ಮುಗಿಸುವವರೇ ಹೆಚ್ಚು. ಆದರೂ ಈ ಸಂಪಾದಕೀಯ ಬರೆಯುತ್ತಿದ್ದೇವೆ. ದೊಡ್ಡ ಊರಿನ ಟೆನಿಸ್‌ನಿಂದ ಮಣ್ಣು ಯಾವ ದಾರಿಯಲ್ಲಿ ಹೋಯಿತೋ ಅದೇ ದಾರಿಯಲ್ಲಿ ನಮ್ಮ ಶಾಲಾ ಮೈದಾನಗಳ ಮಣ್ಣೂ ಹೋಗಲು ಶುರುವಾಗಿದೆ. ಮೊದಲು ನೆಲ ಹೋಗುತ್ತದೆ. ಆಟಗಾರರು ಹೋದದ್ದು ಗೊತ್ತಾಗುವುದಕ್ಕೆ ಹತ್ತಿಪ್ಪತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಯಾರೇನು ಮಾಡಿದರೂ ತಡವಾಗಿರುತ್ತದೆ. ಎಚ್ಚರಿಕೆ ಹೇಳುವುದಾದರೆ ಈಗಲೇ ಹೇಳಬೇಕು.

ಇದು ಊಹೆಯ ಮಾತಲ್ಲ. ನೆಲ ಬದಲಾದರೆ ಏನಾಗುತ್ತದೆಂದು ಈ ದೇಶ ಹಾಕಿಯಲ್ಲಿ ಕಂಡಿದೆ. ಅದೂ ಅದೇ 1976ರಲ್ಲಿ. ಹಿಂದಿನ ವರ್ಷವಷ್ಟೇ ಕೌಲಾಲಂಪುರದಲ್ಲಿ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದಿದ್ದ ಭಾರತ, ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ಆಡಿಸಿದಾಗ ಏಳನೇ ಸ್ಥಾನಕ್ಕೆ ಇಳಿಯಿತು. 1928ರಿಂದ ಒಲಿಂಪಿಕ್ಸ್ ಹಾಕಿಯಲ್ಲಿ ಬರಿಗೈಲಿ ಬಂದಿದ್ದು ಅದೇ ಮೊದಲು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಸಿಕ್ಕಿತು. ಹಲವು ದೇಶಗಳು ಬಹಿಷ್ಕರಿಸಿದ್ದ ಕ್ರೀಡಾಕೂಟ ಅದು. ಆಮೇಲಿನ ಪದಕಕ್ಕೆ 2021ರ ಟೋಕಿಯೊವರೆಗೆ, 41 ವರ್ಷ ಕಾಯಬೇಕಾಯಿತು. ಈ ಕುಸಿತಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಒಂದು ಕಾರಣ ಎಲ್ಲರಿಗೂ ಕಾಣುವಂಥದ್ದು. ಸ್ಪರ್ಧೆಯ ನೆಲ ಒಂದಾಗಿ, ಊರ ಹುಡುಗರು ಅಭ್ಯಾಸ ಮಾಡುವ ನೆಲ ಇನ್ನೊಂದಾಯಿತು. ಕೃತಕ ಹಾಸು ಹಾಕಿಸುವ ಶಕ್ತಿಯಿಲ್ಲದ ಊರುಗಳ ಮಕ್ಕಳು ಹಿಂದೆ ಉಳಿದರು. ಎಂ.ಪಿ. ಗಣೇಶ್ ಅವರಂಥ ನಾಯಕನನ್ನು ಕೊಟ್ಟ ಕೊಡಗಿನವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಟೆನಿಸ್‌ನಲ್ಲಿ ಆದದ್ದು ಇದರ ತಿರುಗುಮುರುಗು. ಇಲ್ಲಿ ಜಗತ್ತು ಮಣ್ಣನ್ನು ಬಿಟ್ಟಿಲ್ಲ, ನಾವು ಬಿಟ್ಟೆವು. ಅಮೆರಿಕದ ಯು.ಎಸ್. ಓಪನ್ 1975ರಿಂದ 1977ರವರೆಗೆ ಮಣ್ಣಿನ ಮೇಲೆ ನಡೆದು 1978ರಲ್ಲಿ ಗಟ್ಟಿ ಅಂಕಣಕ್ಕೆ ಹೋಯಿತು. ಆಸ್ಟ್ರೇಲಿಯನ್ ಓಪನ್ 1988ರಲ್ಲಿ ಹುಲ್ಲು ಬಿಟ್ಟು ಅದೇ ಹಾದಿ ಹಿಡಿಯಿತು. ಆದರೆ 1928ರಲ್ಲಿ ಕಟ್ಟಿದ ಪ್ಯಾರಿಸ್‌ನ ರೋಲಾಂ ಗಾರೋ ಇಂದಿಗೂ ಕೆಂಪು ಮಣ್ಣಿನದ್ದೇ. ಮಾಂಟೆ ಕಾರ್ಲೊ, ಮ್ಯಾಡ್ರಿಡ್, ರೋಮ್ ಸೇರಿ ಪುರುಷರ ಒಂಬತ್ತು ಮಾಸ್ಟರ್ಸ್ ಟೂರ್ನಿಗಳಲ್ಲಿ ಮೂರು ಮಣ್ಣಿನವು. ಯುರೋಪ್ ಮತ್ತು ದಕ್ಷಿಣ ಅಮೆರಿಕದ ಸಣ್ಣಪುಟ್ಟ ಊರುಗಳಲ್ಲಿ ಪ್ರತಿ ವರ್ಷ ತಿಂಗಳುಗಟ್ಟಲೆ ಮಣ್ಣಿನ ಟೂರ್ನಿಗಳು ನಡೆಯುತ್ತವೆ. ವೃತ್ತಿಪರ ಆಟಗಾರನಿಗೆ ಅಂಕ, ಹಣ, ಅನುಭವ ಸಿಗುವ ದಾರಿಯ ದೊಡ್ಡ ಪಾಲು ಅಲ್ಲಿದೆ. ಮಣ್ಣಿನ ಮೇಲೆ ಕಾಲಿಟ್ಟು ಬೆಳೆಯದ ಹುಡುಗ ಆ ತಿಂಗಳುಗಳನ್ನು ಪರಕೀಯನಂತೆ ಕಳೆಯಬೇಕು.

ಮಣ್ಣಿನಲ್ಲಿ ಭಾರತೀಯರಿಗೆ ಆಟ ಬರುವುದಿಲ್ಲ ಎಂಬ ಮಾತನ್ನು ಯಾರೂ ನಂಬಬೇಕಿಲ್ಲ. ಭಾರತೀಯನೊಬ್ಬ ಗೆದ್ದ ಮೊದಲ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಬಂದದ್ದು ಪ್ಯಾರಿಸ್‌ನ ಮಣ್ಣಿನಲ್ಲಿ. 1997ರಲ್ಲಿ ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿ ಜೊತೆಗೂಡಿ ಅಲ್ಲಿ ಮಿಶ್ರ ಡಬಲ್ಸ್ ಗೆದ್ದರು. 1999ರಲ್ಲಿ ಲಿಯಾಂಡರ್ ಪೇಸ್ ಜೊತೆ ಅದೇ ನೆಲದಲ್ಲಿ ಪುರುಷರ ಡಬಲ್ಸ್ ಗೆದ್ದರು. ನಮ್ಮ ರೋಹನ್ ಬೋಪಣ್ಣ 2015ರಲ್ಲಿ ಮ್ಯಾಡ್ರಿಡ್‌ನಲ್ಲಿ, 2017ರಲ್ಲಿ ಮಾಂಟೆ ಕಾರ್ಲೊದಲ್ಲಿ, ಅದೇ ವರ್ಷ ಗ್ಯಾಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಪ್ಯಾರಿಸ್‌ನಲ್ಲಿ ಪ್ರಶಸ್ತಿ ಎತ್ತಿದ್ದು ಮಣ್ಣಿನ ಮೇಲೆಯೇ. ಸಿಂಗಲ್ಸ್‌ನಲ್ಲಿ ಸುಮಿತ್ ನಾಗಲ್ ಇದ್ದಾರೆ. ಹರಿಯಾಣದ ಈ ಹುಡುಗ ಹತ್ತು ವರ್ಷದವನಿದ್ದಾಗ ಬೆಂಗಳೂರಿಗೆ ಬಂದು ಭೂಪತಿಯವರ ತರಬೇತಿ ಯೋಜನೆಗೆ ಸೇರಿದವರು. 2024ರಲ್ಲಿ ಮಾಂಟೆ ಕಾರ್ಲೊದಲ್ಲಿ ಇಟಲಿಯ ಮ್ಯಾಟಿಯೊ ಅರ್ನಾಲ್ಡಿಯನ್ನು ಸೋಲಿಸಿ, ಮಣ್ಣಿನ ಮಾಸ್ಟರ್ಸ್ ಟೂರ್ನಿಯ ಮುಖ್ಯ ಸುತ್ತಿನಲ್ಲಿ ಸಿಂಗಲ್ಸ್ ಪಂದ್ಯ ಗೆದ್ದ ಮೊದಲ ಭಾರತೀಯರಾದರು. ಅದೇ ವರ್ಷ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಮಣ್ಣಿನ ಚಾಲೆಂಜರ್ ಗೆದ್ದು ಜುಲೈನಲ್ಲಿ ವಿಶ್ವ ಕ್ರಮಾಂಕದಲ್ಲಿ 68ಕ್ಕೆ ಏರಿದರು. ಆ ಮಣ್ಣಿನ ಆಟ ಗಟ್ಟಿಯಾಗಲು ಅವರು ಜರ್ಮನಿಗೆ ಹೋಗಿ ನೆಲೆಸಬೇಕಾಯಿತು. ಪ್ರತಿಭೆಗೆ ಇಲ್ಲಿ ಕೊರತೆಯಿರಲಿಲ್ಲ. ನೆಲಕ್ಕೆ ಇತ್ತು.

ಇದಕ್ಕಿಂತ ಹಳೆಯ ಎಚ್ಚರಿಕೆಯೂ ಇದೆ. 1987ರಲ್ಲಿ ಭಾರತ ಡೇವಿಸ್ ಕಪ್ ಫೈನಲ್ ತಲುಪಿತು. ಆ ಸ್ಪರ್ಧೆಯಲ್ಲಿ ನೆಲದ ಆಯ್ಕೆ ಆತಿಥೇಯರದ್ದು. ಸ್ವೀಡನ್ ಗೋಥೆನ್‌ಬರ್ಗ್‌ನ ಒಳಾಂಗಣದಲ್ಲಿ ಮಣ್ಣಿನ ಅಂಕಣ ಹಾಕಿಸಿತು. ಭಾರತ 0-5ರಿಂದ ಸೋತಿತು. ಎದುರಾಳಿಗಳು ಬಲಿಷ್ಠರಾಗಿದ್ದರು ಎಂಬುದು ನಿಜ. ನಮ್ಮವರಿಗೆ ಯಾವ ನೆಲ ಕಷ್ಟ ಎಂಬುದು ಅವರಿಗೆ ತಿಳಿದಿತ್ತು ಎಂಬುದೂ ನಿಜ. ಹುಲ್ಲಿನಲ್ಲಿ ಬೆಳೆದವನನ್ನು ಮಣ್ಣಿಗೆ ತಂದರೆ ಅರ್ಧ ಪಂದ್ಯ ಮುಗಿದಂತೆ. ಗಟ್ಟಿ ಅಂಕಣದ ಮೇಲೆ ಮಾತ್ರ ಬೆಳೆಯುವ ಇಂದಿನ ಹುಡುಗರಿಗೂ ಇದೇ ಮಾತು ಅನ್ವಯಿಸುತ್ತದೆ.

ಮಣ್ಣು ಆಟಗಾರನಿಗೆ ಏನು ಕಲಿಸುತ್ತದೆ? ಚೆಂಡು ಮಣ್ಣಿಗೆ ಬಡಿದಾಗ ವೇಗ ಕಳೆದುಕೊಂಡು ಎತ್ತರಕ್ಕೆ ಏಳುತ್ತದೆ. ಒಂದೇ ಹೊಡೆತಕ್ಕೆ ಅಂಕ ಸಿಗುವುದಿಲ್ಲ. ಹತ್ತು ಹದಿನೈದು ಹೊಡೆತ ಕಾಯಬೇಕು, ಜಾಗ ಮಾಡಿಕೊಳ್ಳಬೇಕು, ಜಾರುತ್ತಲೇ ಚೆಂಡು ಮುಟ್ಟಿ ಮತ್ತೆ ನಡುವಿಗೆ ಬರಬೇಕು. ಉಸಿರು, ತಾಳ್ಮೆ, ಕಾಲಿನ ಕೆಲಸ ಮೂರೂ ಅಲ್ಲಿ ತಯಾರಾಗುತ್ತವೆ. ಕಾಲು ಜಾರಲು ನೆಲ ಬಿಡುವುದರಿಂದ ಮೊಣಕಾಲಿಗೂ ಸೊಂಟಕ್ಕೂ ಪೆಟ್ಟು ಕಡಿಮೆ. ಗಟ್ಟಿ ನೆಲ ಕಾಲನ್ನು ಹಿಡಿದು ನಿಲ್ಲಿಸುತ್ತದೆ, ಆ ಪೆಟ್ಟೆಲ್ಲ ಕೀಲಿಗೆ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಪಾವಗಡದ ಬಿಸಿಲಿನಲ್ಲಿ ಸಿಮೆಂಟ್ ನೆಲದ ಮೇಲೆ ಮಧ್ಯಾಹ್ನ ಬರಿಗಾಲಿಟ್ಟವರಿಗೆ ಇನ್ನೊಂದು ವ್ಯತ್ಯಾಸವೂ ಗೊತ್ತು.

ಗಟ್ಟಿ ಅಂಕಣಕ್ಕೂ ಅದರದೇ ಗುಣಗಳಿವೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಡಬಹುದು. ಪುಟಿತ ಎಲ್ಲೆಡೆ ಒಂದೇ ಸಮ. ದಿನವೂ ನೀರು ಹಾಕಿ ರೋಲರ್ ಎಳೆಯುವ ಕೆಲಸವಿಲ್ಲ. ವಿಶ್ವದ ಹೆಚ್ಚಿನ ಟೂರ್ನಿಗಳು ಗಟ್ಟಿ ನೆಲದವು, ಆದ್ದರಿಂದ ಅದೂ ಬೇಕು. ಅದು ಬಂದಿತೆಂಬುದು ನಮ್ಮ ದೂರಲ್ಲ. ಅದು ಬಂದ ಮೇಲೆ ಮಣ್ಣನ್ನು ನೋಡಿಕೊಳ್ಳುವವರು ಇಲ್ಲವಾದರು ಎಂಬುದು ನಮ್ಮ ದೂರು. ಕ್ಲಬ್ಬುಗಳಲ್ಲಿ ಬೆಳಿಗ್ಗೆ ಎದ್ದು ನೀರು ಚಿಮುಕಿಸಿ, ಗೋಣಿ ಎಳೆದು, ರೋಲರ್ ಉರುಳಿಸಿ, ಸುಣ್ಣದ ಗೆರೆ ಹಾಕುತ್ತಿದ್ದ ಮಾರ್ಕರ್‌ಗಳ ಕಸುಬು ಪುಸ್ತಕದಲ್ಲಿ ಇರುವಂಥದ್ದಲ್ಲ. ಯಾವ ಮಣ್ಣಿಗೆ ಎಷ್ಟು ನೀರು, ಬಿರುಕು ಬಿಟ್ಟರೆ ಏನು ತುಂಬಬೇಕು, ಎಷ್ಟು ಹೊತ್ತು ಒಣಗಲು ಬಿಡಬೇಕು ಎಂಬುದು ಕೈಯಿಂದ ಕೈಗೆ ಬಂದದ್ದು. ಕೈ ಬಿಟ್ಟ ಕಸುಬು ಆಮೇಲೆ ದುಡ್ಡು ಕೊಟ್ಟರೂ ಬರುವುದಿಲ್ಲ. ವೈ.ಎನ್.ಹೊಸಕೋಟೆಯ ರೇಷ್ಮೆ ಸೀರೆ ನೇಯುವ ಮನೆಗಳಿಗೆ ಇದು ಹೊಸ ಮಾತಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ವಿಚಾರಕ್ಕೆ ಬರೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಶಾಲಾ ಮೈದಾನಗಳಲ್ಲಿ ಕಾಣುತ್ತಿರುವ ಗುರುತುಗಳನ್ನು ಸಾಲಾಗಿ ಹೇಳುತ್ತೇವೆ. ಹೊಸ ಕೊಠಡಿ ಬಂದಾಗ ಮೊದಲು ಕರಗುವುದು ಮೈದಾನದ ಮೂಲೆ. ಪ್ರಾರ್ಥನೆಗೆ ಅನುಕೂಲವೆಂದು ಮುಂದಿನ ಅಂಗಳಕ್ಕೆ ಸಿಮೆಂಟ್ ಅಥವಾ ಇಂಟರ್‌ಲಾಕ್ ಇಟ್ಟಿಗೆ ಹಾಕುತ್ತಾರೆ, ಮರು ವರ್ಷ ಅದು ಇನ್ನಷ್ಟು ಹರಡುತ್ತದೆ. ಅಂಕಣ ಬೇಕೆಂದು ಮನವಿ ಕೊಟ್ಟರೆ ಗುತ್ತಿಗೆಗೆ ಅನುಕೂಲವಾದ ಕಾಂಕ್ರೀಟ್ ಅಂಕಣದ ಅಂದಾಜು ಪಟ್ಟಿ ತಯಾರಾಗುತ್ತದೆ, ಮಣ್ಣಿನ ಅಂಕಣದ್ದು ಆಗುವುದಿಲ್ಲ. ಶಾಲೆಯ ರೋಲರ್ ಮುರಿದರೆ ಮತ್ತೆ ಬರುವುದಿಲ್ಲ. ಪ್ರತಿಯೊಂದೂ ಬಿಡಿಯಾಗಿ ನೋಡಿದರೆ ಸಣ್ಣದು, ಒಳ್ಳೆಯ ಉದ್ದೇಶದ್ದೂ ಹೌದು. ಕೂಡಿಸಿದರೆ ಹತ್ತು ವರ್ಷದಲ್ಲಿ ಮಕ್ಕಳು ಬಿದ್ದು ಎದ್ದು ಆಡುವ ಮಣ್ಣು ಊರಿನಲ್ಲಿ ಉಳಿಯುವುದಿಲ್ಲ.

ನೆಲ ಎಷ್ಟು ಬೇಗ ಬದಲಾಗಬಹುದು ಎಂಬುದನ್ನು ಪಾವಗಡದವರು ಕಣ್ಣಾರೆ ನೋಡಿದ್ದಾರೆ. ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಕೆಲವೇ ವರ್ಷಗಳಲ್ಲಿ ತಲೆಯೆತ್ತಿತು. ಅದರ ಲಾಭ ನಷ್ಟದ ಚರ್ಚೆ ಬೇರೆ. ಇಲ್ಲಿ ಹೇಳಬೇಕಾದ್ದು ಇಷ್ಟೇ: ಬಯಲು ಸದಾ ಇರುತ್ತದೆ ಎಂದು ನೆಚ್ಚಿಕೊಂಡು ಕೂರುವ ಕಾಲ ಇದಲ್ಲ.

ಮೇಲಿನಿಂದಲೂ ಒತ್ತಡ ಬರುತ್ತಿದೆ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಮ್ಯಾಟ್ ಮೇಲಿನ ಆಟ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ಕೂಡ ಮ್ಯಾಟ್ ಮೇಲೆಯೇ. ಅಲ್ಲಿ ಭಾರತದ ಪುರುಷ, ಮಹಿಳಾ ತಂಡಗಳೆರಡೂ ಗೆದ್ದವು. ಆ ತಂಡಗಳಲ್ಲಿ ಕರ್ನಾಟಕದ ಗೌತಮ್ ಎಂ.ಕೆ. ಮತ್ತು ಚೈತ್ರಾ ಬಿ. ಇದ್ದರು ಎಂಬುದು ನಮಗೆಲ್ಲ ಹೆಮ್ಮೆ. ಮ್ಯಾಟ್ ಬಂದದ್ದು ತಪ್ಪಲ್ಲ. ಆದರೆ ಸ್ಪರ್ಧೆ ಮ್ಯಾಟ್‌ಗೆ ಹೋಗಿ, ಊರಿನ ಮಣ್ಣು ಸಿಮೆಂಟ್ ಆದರೆ ನಮ್ಮ ಮಕ್ಕಳಿಗೆ ಎರಡೂ ಇಲ್ಲ. ಸಿಮೆಂಟ್ ಮೇಲೆ ಕಬಡ್ಡಿ ಆಡಲಾಗದು, ಕೊಕ್ಕೊದಲ್ಲಿ ಡೈವ್ ಹೊಡೆಯಲಾಗದು. ಮ್ಯಾಟ್ ಸಿಗುವ ತನಕ ಮಗುವನ್ನು ಆಟದಲ್ಲಿ ಉಳಿಸಿಕೊಳ್ಳುವ ನೆಲ ಮಣ್ಣೊಂದೇ.

ಮಣ್ಣಿನ ಅಂಕಣ ಮಾಡುವುದು ನಮ್ಮ ರೈತರಿಗೆ ತಿಳಿಯದ ವಿದ್ಯೆಯಲ್ಲ. ಸುಗ್ಗಿಗೆ ಮುಂಚೆ ಕಣ ಮಾಡುತ್ತಿದ್ದ ಕ್ರಮ ನೆನಪಿಸಿಕೊಳ್ಳಿ. ನೆಲ ಕೆತ್ತಿ ಮಟ್ಟ ಮಾಡಿ, ನೀರು ಹಾಕಿ ತುಳಿದು, ಗುಂಡು ಉರುಳಿಸಿ, ಸಗಣಿ ಹಾಕಿ ಸಾರಿಸಿ, ಬಿರುಕು ಬರದಂತೆ ಒಣಗಿಸುತ್ತಿದ್ದರು. ಟೆನಿಸ್ ಅಂಕಣದ ಮೇಲ್ಪದರಕ್ಕೆ ಬೇಕಾದ ಜ್ಞಾನವೂ ಹೆಚ್ಚು ಕಡಿಮೆ ಇದೇ. ಕಣ ಮಾಡುವವರು ಕಡಿಮೆಯಾದ ಮೇಲೆ ಏನಾಯಿತು? ರಾಗಿ, ಹುರುಳಿಯ ಒಕ್ಕಣೆ ಡಾಂಬರು ರಸ್ತೆಗೆ ಬಂತು. ಬೈಕ್ ಸವಾರರು ಜಾರಿ ಬೀಳುತ್ತಾರೆ, ಕಾಳಿಗೆ ಮರಳು ಸೇರುತ್ತದೆ, ಪ್ರತಿ ವರ್ಷ ಪೊಲೀಸರು ಎಚ್ಚರಿಕೆ ಕೊಡುತ್ತಾರೆ. ನೆಲ ಮಾಡುವ ಅಭ್ಯಾಸ ತಪ್ಪಿದರೆ ಕೆಲಸ ತನ್ನದಲ್ಲದ ನೆಲಕ್ಕೆ ಹೋಗುತ್ತದೆ. ಆಟಕ್ಕೂ ಅದೇ ಗತಿ.

ಪ್ಯಾರಿಸ್‌ನ ಅಂಕಣವೂ ಬರೀ ಕೆಂಪು ಮಣ್ಣಲ್ಲ. ಕೆಳಗೆ ಕಲ್ಲು, ಜಲ್ಲಿ, ಅದರ ಮೇಲೆ ಸುಟ್ಟ ಕಲ್ಲಿದ್ದಲಿನ ಕಿಟ್ಟ, ಅದರ ಮೇಲೆ ಸುಣ್ಣಕಲ್ಲಿನ ಪದರ, ಎಲ್ಲಕ್ಕೂ ಮೇಲೆ ಒಂದೆರಡು ಮಿಲಿಮೀಟರ್‌ನಷ್ಟು ತೆಳ್ಳಗೆ ಹರಡಿದ ಇಟ್ಟಿಗೆ ಪುಡಿ. ನೀರು ಕೆಳಗೆ ಇಳಿಯಬೇಕು, ತೇವ ಮಾತ್ರ ಮೇಲೆ ಉಳಿಯಬೇಕು ಎಂಬುದು ಅದರ ಗುಟ್ಟು. ನಮ್ಮಲ್ಲಿ ಜಲ್ಲಿಯಿದೆ, ಗ್ರಾವಲ್ ಇದೆ, ಕೆರೆಯ ಗೋಡು ಇದೆ, ಕೆಮ್ಮಣ್ಣು ಇದೆ, ಇಟ್ಟಿಗೆ ಗೂಡುಗಳಲ್ಲಿ ಒಡೆದ ಇಟ್ಟಿಗೆಯೂ ಸಿಗುತ್ತದೆ. ಅಂತರರಾಷ್ಟ್ರೀಯ ಗುಣಮಟ್ಟ ಮೊದಲ ದಿನವೇ ಬರಬೇಕಿಲ್ಲ. ಒಂದು ಬದಿಗೆ ಸಣ್ಣ ಇಳಿಜಾರು, ಸುತ್ತ ಒಂದು ಕಾಲುವೆ, ಒಂದು ರೋಲರ್, ಸುಣ್ಣ, ದಿನಕ್ಕೆ ಒಂದು ಗಂಟೆ ಕೈಕೆಲಸ ಇದ್ದರೆ ಶುರು ಮಾಡಬಹುದು.

ಜಾಗದ ಲೆಕ್ಕವೂ ದೊಡ್ಡದಲ್ಲ. ಟೆನಿಸ್ ಅಂಕಣ 78 ಅಡಿ ಉದ್ದ, ಡಬಲ್ಸ್‌ಗೆ 36 ಅಡಿ ಅಗಲ. ಓಡಾಡುವ ಜಾಗ ಸೇರಿ 120 ಅಡಿಗೆ 60 ಅಡಿ ಇಟ್ಟುಕೊಂಡರೂ 7,200 ಚದರ ಅಡಿ. ಅಂದರೆ ಏಳು ಗುಂಟೆಗೂ ಕಡಿಮೆ. ಅಷ್ಟು ನೆಲದೊಳಗೆ 13 ಮೀಟರ್‌ಗೆ 10 ಮೀಟರ್‌ನ ಕಬಡ್ಡಿ ಅಂಕಣ, 18 ಮೀಟರ್‌ಗೆ 9 ಮೀಟರ್‌ನ ವಾಲಿಬಾಲ್ ಅಂಕಣ, 27 ಮೀಟರ್‌ಗೆ 16 ಮೀಟರ್‌ನ ಕೊಕ್ಕೊ ಅಂಕಣ ಮೂರೂ ಒಂದೊಂದಾಗಿ ಹಿಡಿಯುತ್ತವೆ. ಸುಣ್ಣದ ಗೆರೆ ಅಳಿಸಿ ಬೇರೆ ಗೆರೆ ಹಾಕಿದರೆ ಆಟ ಬದಲಾಗುತ್ತದೆ. ಈ ಅನುಕೂಲ ಮಣ್ಣಿಗೆ ಮಾತ್ರ ಇದೆ. ಟೆನಿಸ್ ಅಂಕಣ ಎಂದಾಕ್ಷಣ ಅದು ಯಾರೋ ನಾಲ್ವರು ಅನುಕೂಲಸ್ಥರಿಗೆ ಎಂದುಕೊಳ್ಳಬೇಡಿ. ಊರಿನ ಎಲ್ಲ ಮಕ್ಕಳಿಗೂ ಸೇರಿದ ಏಳು ಗುಂಟೆ ಹದವಾದ ಮಣ್ಣು ಎಂದುಕೊಳ್ಳಿ.

ನೀರಿನ ಪ್ರಶ್ನೆ ಬರುತ್ತದೆ, ಬರಬೇಕು. ಬರದ ತಾಲ್ಲೂಕಿನಲ್ಲಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಆಟದ ನೆಲಕ್ಕೆ ನೀರು ಕೇಳುವುದು ಹಗುರದ ಮಾತಲ್ಲ. ಅಷ್ಟು ನೆಲಕ್ಕೆ ಒಂದು ಮಿಲಿಮೀಟರ್ ನೀರು ಚಿಮುಕಿಸಿದರೂ ಸುಮಾರು 670 ಲೀಟರ್ ಬೇಕು. ಇದಕ್ಕೆ ಕುಡಿಯುವ ನೀರು ಮುಟ್ಟಬಾರದು. ಬಿಸಿಯೂಟದ ಹೊತ್ತಿಗೆ ಕೈ, ತಟ್ಟೆ ತೊಳೆದ ನೀರನ್ನು ತೊಟ್ಟಿಯಲ್ಲಿ ಸೋಸಿ ಬಳಸಬಹುದು, ಚಾವಣಿಯ ಮಳೆ ನೀರು ಹಿಡಿಯಬಹುದು. ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಬೀಳುವ ನೀರನ್ನು ಮಾತ್ರ ಹಾಕಲೇಬಾರದು. ಅದರಲ್ಲಿ ಲವಣ, ಫ್ಲೋರೈಡ್ ಗಾಢವಾಗಿರುತ್ತವೆ, ಒಣಗಿ ದೂಳಾದರೆ ಮಕ್ಕಳ ಮೂಗಿಗೇ ಹೋಗುತ್ತದೆ. ಕಡು ಬೇಸಿಗೆಯಲ್ಲಿ ನೀರಿಲ್ಲವೇ, ಅಂಕಣಕ್ಕೆ ಎರಡು ತಿಂಗಳು ರಜೆ ಕೊಡಿ. ಮಣ್ಣು ಕಾಯುತ್ತದೆ. ಮುಂಗಾರಿನ ಮೊದಲ ಹದ ಮಳೆಗೆ ಮತ್ತೆ ರೋಲರ್ ಎಳೆದರೆ ಆಯಿತು.

ಆದ್ದರಿಂದ ಇಂದೇ ಆಗಬೇಕಾದ ಕೆಲಸಗಳನ್ನು ಹೆಸರಿಸಿ ಹೇಳುತ್ತೇವೆ.

ರಾಜ್ಯ ಲಾನ್ ಟೆನಿಸ್ ಸಂಸ್ಥೆ 1976ರ ಟೂರ್ನಿಯ ಸುವರ್ಣ ವರ್ಷವನ್ನು ಭಾಷಣದಲ್ಲಿ ಮುಗಿಸಬಾರದು. 15,000 ಡಾಲರ್ ಬಹುಮಾನದ ಅತಿ ಕೆಳ ದರ್ಜೆಯ ಪುರುಷರ ಅಂತರರಾಷ್ಟ್ರೀಯ ಟೂರ್ನಿಯೊಂದನ್ನಾದರೂ ಕರ್ನಾಟಕದಲ್ಲಿ ಮಣ್ಣಿನ ಅಂಕಣದ ಮೇಲೆ ನಡೆಸುವ ನಿರ್ಧಾರ ಮಾಡಲಿ. ಟೂರ್ನಿ ಬಂದರೆ ಅಂಕಣ ಉಳಿಯುತ್ತದೆ, ಅಂಕಣ ಉಳಿದರೆ ಅದನ್ನು ಹದ ಮಾಡುವವರಿಗೆ ಸಂಬಳ ಸಿಗುತ್ತದೆ, ಅವರು ಹೊಸಬರಿಗೆ ಕಲಿಸುತ್ತಾರೆ. ಕಿರಿಯರ ರಾಜ್ಯ ಮಟ್ಟದ ಟೂರ್ನಿಗಳಲ್ಲಿ ಕೆಲವನ್ನು ಮಣ್ಣಿಗೆ ಮೀಸಲಿಡಲಿ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು ಮೊದಲು ಒಂದು ಎಣಿಕೆ ಮಾಡಿಸಲಿ. ಎಷ್ಟು ಶಾಲೆಗಳಲ್ಲಿ ಆಡಲು ಮಣ್ಣಿನ ಮೈದಾನ ಉಳಿದಿದೆ, ಎಷ್ಟರಲ್ಲಿ ರೋಲರ್ ಇದೆ, ಎಷ್ಟರಲ್ಲಿ ಕಳೆದ ಐದು ವರ್ಷದಲ್ಲಿ ಸಿಮೆಂಟ್ ಆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಮೈದಾನ ಎಂದರೆ ಮಕ್ಕಳು ಬೀಳಬಹುದಾದ ನೆಲ ಎಂದು ಅಧಿಕಾರಿಗಳು ಅರ್ಥ ಮಾಡಿಕೊಳ್ಳಲಿ.

ಗ್ರಾಮ ಪಂಚಾಯಿತಿಗಳು ಉದ್ಯೋಗ ಖಾತರಿ ಕಾಮಗಾರಿಯಡಿ ಶಾಲಾ ಮೈದಾನ ಮಾಡಿಸಿದ ಉದಾಹರಣೆಗಳು ರಾಜ್ಯದಲ್ಲಿವೆ. ಆ ಬಗೆಯ ಕಾಮಗಾರಿಯಲ್ಲಿ ಮಣ್ಣಿನ ಅಂಕಣದ ಅಂದಾಜು ಪಟ್ಟಿಯನ್ನೂ ಎಂಜಿನಿಯರ್‌ಗಳು ಸಿದ್ಧಪಡಿಸಲಿ. ಕೆರೆ ಹೂಳೆತ್ತುವಾಗ ಕೆಲವು ಟ್ರ್ಯಾಕ್ಟರ್ ಗೋಡು ಶಾಲೆಗೆ ಬರಲಿ. ಸೌರ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಶಾಲೆಗೆ ಬಂದಾಗ ನೆಲಕ್ಕೆ ಕಾಂಕ್ರೀಟ್ ಬೇಡ, ರೋಲರ್ ಮತ್ತು ನೀರಿನ ತೊಟ್ಟಿ ಕೊಡಿ ಎಂದು ಎಸ್.ಡಿ.ಎಂ.ಸಿ.ಗಳು ಠರಾವು ಮಾಡಲಿ.

ದೈಹಿಕ ಶಿಕ್ಷಕರಿಗೆ ಇನ್ನೊಂದು ವಿನಂತಿ. ಊರಿನಲ್ಲಿ ಕಣ ಮಾಡಿ ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ. ಒಂದು ಶನಿವಾರ ಅವರನ್ನು ಶಾಲೆಗೆ ಕರೆಯಿರಿ. ಯಾವ ಮಣ್ಣಿಗೆ ಯಾವುದು ಬೆರೆಸಬೇಕು ಎಂದು ಮಕ್ಕಳ ಎದುರೇ ಕೇಳಿ ಬರೆದಿಟ್ಟುಕೊಳ್ಳಿ. ಇನ್ನು ಹತ್ತು ವರ್ಷ ಬಿಟ್ಟರೆ ಕೇಳಲು ಅವರು ಇರುವುದಿಲ್ಲ.

ವೈ.ಎನ್.ಹೊಸಕೋಟೆಯ ಹುಡುಗನೊಬ್ಬ ನಾಳೆ ರೋಲಾಂ ಗಾರೋದಲ್ಲಿ ಆಡುತ್ತಾನೆಂದು ನಾವು ಭರವಸೆ ಕೊಡುತ್ತಿಲ್ಲ. ಅವನಿಗೂ ಅವನ ತಂಗಿಗೂ ಬಿದ್ದರೆ ಮೂಳೆ ಮುರಿಯದ, ಬಾಡಿಗೆ ಕೇಳದ ನೆಲ ಇರಬೇಕು ಎನ್ನುತ್ತಿದ್ದೇವೆ. ಮುಂದಿನ ಹೋಬಳಿ ಮಟ್ಟದ ಕ್ರೀಡಾಕೂಟದ ಹೊತ್ತಿಗೆ ಪ್ರತಿ ತಾಲ್ಲೂಕಿನಲ್ಲಿ ಒಂದಾದರೂ ಶಾಲೆ ಇಂಥ ಅಂಕಣವನ್ನು ಹದ ಮಾಡಿ ತೋರಿಸಲಿ. ಓದುಗರೇ, ನಿಮ್ಮೂರಿನ ಶಾಲೆಯ ಮೈದಾನಕ್ಕೆ ಸಿಮೆಂಟ್ ಚೀಲ ಇಳಿಯುವುದನ್ನು ಕಂಡರೆ ಅಂದೇ ಹೋಗಿ ಕೇಳಿ. ಕೆಲಸ ಮುಗಿದ ಮೇಲೆ ಕೇಳಿದರೆ ಉಪಯೋಗವಿಲ್ಲ.